ಮಳೆಗಾಲದಲ್ಲಿ ಚುಚ್ಚಿಸಿದ ಕಿವಿ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿಯಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗಳು ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕಿವಿಯ ಮೇಲ್ಭಾಗಕ್ಕೆ, ನಮ್ಮಜ್ಜಿ ಬುಗುಡಿ ಹಾಕುತ್ತಿದ್ದ ಜಾಗಕ್ಕೆ, ಗನ್ನಿನಿಂದ ಚುಚ್ಚಿಸಿಕೊಂಡು ಬಂದಿದ್ದಳು. ಐದನೇ ದಿನಕ್ಕೆ ಕಿವಿ ದಪ್ಪಗಾಗಿತ್ತು.

"ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದೀನಿ ಕಣೋ. ಇಳೀತಾನೇ ಇಲ್ಲ."

"ಕೆಳಗಿನ ಮೆತ್ತನೆ ಹಾಲೆಯೂ ಊದಿದೆಯಾ?"

"ಇಲ್ಲ, ಹಾಲೆ ಸರಿಯಾಗೇ ಇದೆ. ಮೇಲೆ ಮಾತ್ರ."

"ಹಾಗಾದ್ರೆ ಇವತ್ತೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗು" ಅಂದೆ.

ಹಾಲೆ ಚೆನ್ನಾಗಿದೆ ಅನ್ನುವುದು ಸಮಾಧಾನದ ಮಾತಲ್ವಾ ಅಂತ ಅಕ್ಕನಿಗೆ ಅನಿಸಿತ್ತು. ನನಗೆ ಹೆದರಿಕೆ ಆಗಿದ್ದೇ ಅದನ್ನು ಕೇಳಿ.

ನಿಮ್ಮ ಕಿವಿಯನ್ನೇ ಮುಟ್ಟಿ ನೋಡಿ. ಹಾಲೆ ಮೆತ್ತಗಿದೆ. ಅಲ್ಲಿರುವುದು ಚರ್ಮ ಮತ್ತು ಕೊಬ್ಬು. ರಕ್ತ ಚೆನ್ನಾಗಿ ಹರಿಯುತ್ತದೆ, ಗಾಯ 6ರಿಂದ 8 ವಾರದಲ್ಲಿ ಮಾಯುತ್ತದೆ. ಮೇಲಕ್ಕೆ ಹೋದರೆ ಬೆರಳಿಗೆ ಗಟ್ಟಿಯಾಗಿ ಸಿಗುವುದು ಕಾರ್ಟಿಲೇಜ್. ಅದರೊಳಗೆ ರಕ್ತನಾಳವೇ ಇಲ್ಲ. ಕಾರ್ಟಿಲೇಜಿನ ಮೈಗೆ ಅಂಟಿಕೊಂಡ ತೆಳು ಪೊರೆಯಿಂದಲೇ ಅದಕ್ಕೆ ಆಹಾರ ಇಳಿಯಬೇಕು. ಅದಕ್ಕೇ ಅಲ್ಲಿನ ಗಾಯ ಮಾಯಲು ಹಲವು ತಿಂಗಳು, ಕೆಲವರಿಗೆ ವರ್ಷವೇ ಬೇಕು. ಪೊರೆಗೂ ಕಾರ್ಟಿಲೇಜಿಗೂ ನಡುವೆ ಕೀವು ತುಂಬಿದರೆ ಆ ಆಹಾರ ನಿಂತುಹೋಗುತ್ತದೆ. ಕಾರ್ಟಿಲೇಜ್ ಸಾಯುತ್ತದೆ, ಕಿವಿ ಮುದುಡುತ್ತದೆ. ಹಾಗೆ ಮುದುಡಿದ ಕಿವಿ ತಾನಾಗಿ ಮೊದಲಿನಂತಾಗುವುದಿಲ್ಲ.

ಗನ್ನಿನ ಮೊಂಡು ಕಡ್ಡಿ ಕಾರ್ಟಿಲೇಜನ್ನು ಜಜ್ಜಿ ಒಳಗೆ ನುಗ್ಗುತ್ತದೆ. ಜಜ್ಜಿದ ಜಾಗ ನಂಜಿಗೆ ಸುಲಭದ ದಾರಿ.

ರೋಗಾಣುವೂ ಬೇರೆ. ಹಾಲೆಯಲ್ಲಿ ಹೆಚ್ಚಾಗಿ ಕಾಟ ಕೊಡುವುದು ನಮ್ಮ ಚರ್ಮದ ಮೇಲೇ ಇರುವ ಸ್ಟ್ಯಾಫಿಲೊಕಾಕಸ್. ಕಾರ್ಟಿಲೇಜಿನಲ್ಲಿ ಹೆಚ್ಚಾಗಿ ಸ್ಯೂಡೊಮೊನಾಸ್. ಇದಕ್ಕೆ ನೀರು, ತೇವ ಅಂದರೆ ಬಲು ಇಷ್ಟ. 2000ನೇ ಇಸವಿಯಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಒಂದೇ ಅಂಗಡಿಯಲ್ಲಿ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡವರಲ್ಲಿ 7 ಜನರಿಗೆ ಇದೇ ಸೋಂಕು ಖಚಿತವಾಯಿತು. ಹುಡುಕಿದಾಗ ರೋಗಾಣು ಸಿಕ್ಕಿದ್ದು ಸೋಂಕು ತಡೆಯಲೆಂದು ಇಟ್ಟಿದ್ದ ಔಷಧಿಯ ಸ್ಪ್ರೇ ಬಾಟಲಿಯಲ್ಲಿ! ಇನ್ನು ನಮ್ಮ ಮಲೆನಾಡಿನ ಜುಲೈ ನೆನೆಸಿಕೊಳ್ಳಿ. ಟವೆಲ್ ಒಣಗುವುದಿಲ್ಲ, ದಿಂಬಿನ ಬಟ್ಟೆ ಒಣಗುವುದಿಲ್ಲ, ಒದ್ದೆ ಕೂದಲು ಇಡೀ ದಿನ ಕಿವಿಗೆ ತಾಗುತ್ತಿರುತ್ತದೆ.

ಮೊದಲ ಕೆಲವು ದಿನ ಸ್ವಲ್ಪ ನೋವು, ತಿಳಿ ನೀರು, ಒಣಗಿದ ಹಕ್ಕಳೆ ಇದ್ದರೆ ಗಾಬರಿ ಬೇಡ. ನೋವು ದಿನದಿಂದ ದಿನಕ್ಕೆ ಜಾಸ್ತಿಯಾದರೆ, ಹಳದಿ ಅಥವಾ ಹಸಿರು ಕೀವು ಬಂದರೆ ಅದು ನಂಜು. ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಬೆರಳ ಹಿಂಬದಿಯಿಂದ ಎರಡೂ ಕಿವಿ ಮುಟ್ಟಿ, ಯಾವುದು ಬಿಸಿ ನೋಡಿ. ಬರೀ ತುರಿಕೆ, ಕೀವಿಲ್ಲ ಅಂದರೆ ಓಲೆಯ ನಿಕ್ಕಲ್ ಮೈಗೆ ಒಗ್ಗದೆ ಇರಬಹುದು.

ಹಾಲೆಯ ಸಣ್ಣ ನಂಜನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು. ಕೈ ತೊಳೆದುಕೊಂಡು ದಿನಕ್ಕೆ ಎರಡು ಮೂರು ಸಲ ಅದರಿಂದ ಒರೆಸಿ, ಆಮೇಲೆ ಗಾಯವನ್ನು ಒಣಗಿಸಿ. ಒಣಗಿಸುವುದನ್ನು ಮಾತ್ರ ಮರೆಯಬೇಡಿ. ತಿರುಪು ಸಡಿಲ ಮಾಡಿ, ಆದರೆ ಓಲೆ ತೆಗೆಯಬೇಡಿ. ತೂತು ಮುಚ್ಚಿದರೆ ಕೀವು ಒಳಗೇ ಉಳಿಯುತ್ತದೆ. ಸ್ಪಿರಿಟ್ ಹೊಸ ಚರ್ಮವನ್ನೂ ಸುಡುತ್ತದೆ. ಅರಿಶಿನದ ಮೇಲೆ ನನಗೂ ಗೌರವ ಇದೆ, ಆದರೆ ಡಬ್ಬಿಯ ಪುಡಿ ಶುದ್ಧ ಔಷಧಿಯಲ್ಲ. ಎಣ್ಣೆ ಬೇರೆ ಸೇರಿಸಿದರೆ ತೂತಿನ ಬಾಯಿ ಕಟ್ಟಿಕೊಳ್ಳುತ್ತದೆ. ಎರಡು ದಿನದಲ್ಲಿ ಇಳಿಯದಿದ್ದರೆ, ಜ್ವರ ಬಂದರೆ, ತಿರುಪು ಮಾಂಸದೊಳಗೆ ಹೂತುಹೋದರೆ ಡಾಕ್ಟರಿಗೆ ತೋರಿಸಿ.

ಮೇಲ್ಭಾಗ ಊದಿದ್ದರೆ ಎರಡು ದಿನವೂ ಕಾಯಬೇಡಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದ ಅಮಾಕ್ಸಿಸಿಲಿನ್ ಸ್ಯೂಡೊಮೊನಾಸ್ ಮೇಲೆ ಕೆಲಸ ಮಾಡುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್‌ನಂಥ ಬೇರೆ ಮಾತ್ರೆ ಬೇಕು. ಅದನ್ನು ಡಾಕ್ಟರೇ ಬರೆಯಬೇಕು. ಕೀವು ಕಟ್ಟಿದ್ದರೆ ಕೊಯ್ದು ತೆಗೆಯಬೇಕಾಗುತ್ತದೆ.

ಅಕ್ಕನ ಮಗಳಿಗೆ ಕೀವು ಕಟ್ಟುವಷ್ಟು ಆಗಿರಲಿಲ್ಲ. ಮಾತ್ರೆಯಲ್ಲೇ ಇಳಿಯಿತು. ಕಿವಿ ಮೊದಲಿನ ಆಕಾರದಲ್ಲೇ ಇದೆ. "ಮಾವ, ಇನ್ನೊಂದು ಕಿವಿಗೆ ಯಾವಾಗ ಚುಚ್ಚಿಸಲಿ?" ಅಂತ ಮೊನ್ನೆ ಕೇಳಿದಳು. ದೀಪಾವಳಿ ಕಳೆಯಲಿ, ಟವೆಲ್ ಬಿಸಿಲಲ್ಲಿ ಒಣಗುವ ಕಾಲ ಬರಲಿ ಅಂದೆ. ಆಗಲೂ ಗನ್ ಬೇಡ, ಹೊಸ ಸೂಜಿ.