ದೊಡ್ಡ ಮನೆ ಬಿಟ್ಟು ಫ್ಲ್ಯಾಟಿಗೆ ಬಂದೆವು, ಇನ್ನೂ ಒಗ್ಗುತ್ತಿಲ್ಲ. ಏನು ಮಾಡೋಣ?

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿ 34 ವರ್ಷ ಇದ್ದ ಸ್ವಂತ ಮನೆ ಮಾರಿ, ಊರಿನ ಇನ್ನೊಂದು ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡಿದ್ದೇವೆ. ನನಗೆ ಮಂಡಿನೋವು, ಮಕ್ಕಳಿಬ್ಬರೂ ಹೊರಗಿದ್ದಾರೆ, ಅಷ್ಟು ದೊಡ್ಡ ಮನೆ ಗುಡಿಸಿ ಒರೆಸೋಕೆ ಆಗುತ್ತಿರಲಿಲ್ಲ. ಬಂದು ಎರಡು ತಿಂಗಳಾಯ್ತು. ಅರ್ಧ ಸಾಮಾನು ಇನ್ನೂ ರಟ್ಟಿನ ಡಬ್ಬದಲ್ಲೇ ಇದೆ. ಎಲ್ಲಿ ನಡೆದರೂ ಕಾಲಿಗೆ ಏನಾದರೂ ತಗಲುತ್ತೆ. ನಮ್ಮ ಯಜಮಾನರು "ಇದು ಮನೆಯಲ್ಲ, ಲಾಡ್ಜು" ಅಂತಾರೆ. ಇನ್ನೂ ಏನೇನು ಬಿಸಾಕಬೇಕು? ಇದು ನಮ್ಮನೆ ಅಂತ ಅನ್ನಿಸೋದು ಯಾವಾಗ?

ಉತ್ತರ: ಈ ಪ್ರಶ್ನೆ ಸ್ವಲ್ಪ ಹೆಚ್ಚುಕಮ್ಮಿ ಇದೇ ಮಾತುಗಳಲ್ಲಿ ತುಂಬಾ ಜನ ಕೇಳುತ್ತಾರೆ. ಮನೆ ಮಾರಿದವರು, ಬಾಡಿಗೆಗೆ ಕೊಟ್ಟವರು, ಮಗಳ ಊರಿಗೆ ಹೋದವರು ಎಲ್ಲರದ್ದೂ ಇದೇ ಗೋಳು. ಎಲ್ಲರೂ ಮೊದಲು ಕೇಳೋದೂ ಇದನ್ನೇ: ಏನು ಬಿಸಾಕಬೇಕು?

ಆ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಹಳೆಯ ಮನೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಜಾಗ ಇತ್ತು. ಪೇಪರ್ ಓದೋಕೆ ಜಗಲಿ, ಪಾತ್ರೆ ತೊಳೆಯೋಕೆ ಹಿತ್ತಲು, ಸಂಡಿಗೆ ಇಡೋಕೆ ತಾರಸಿ, ತೆಂಗಿನಕಾಯಿ ಸುಲಿಯೋಕೆ ಮನೆ ಹಿಂದಿನ ಕಲ್ಲು. ಈಗ ಆ ಜಾಗಗಳೇ ಇಲ್ಲ. ಕೆಲಸಗಳು ಮಾತ್ರ ಉಳಿದಿವೆ, ಅವೆಲ್ಲ ಹಾಲ್‌ನಲ್ಲಿ, ಅಡುಗೆಮನೆಯಲ್ಲಿ ಬಂದು ಬಿದ್ದಿವೆ. ಎರಡು ತಿಂಗಳಾದರೂ ಲಾಡ್ಜ್ ಥರ ಅನ್ನಿಸೋದು ಅದಕ್ಕೇ. ಮೊದಲು ದಿನದ ಕೆಲಸಗಳಿಗೆ ಜಾಗ ಹುಡುಕಿ. ಅದು ಗೊತ್ತಾದ ಮೇಲೆ ಯಾವ ಸಾಮಾನು ಬೇಕು, ಯಾವುದು ಬೇಡ ಅನ್ನೋದು ಮುಕ್ಕಾಲು ಪಾಲು ತಾನಾಗೇ ತೀರ್ಮಾನವಾಗುತ್ತೆ.

ಯಜಮಾನರಿಂದಲೇ ಶುರು ಮಾಡೋಣ. ಅವರು ಬೆಳಿಗ್ಗೆ ಎದ್ದು ಎಲ್ಲಿ ಕೂರುತ್ತಿದ್ದರು? ಜಗಲಿ ಮೇಲೆ ಅಥವಾ ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿಕೊಂಡು, ಅಲ್ವಾ? ಹಾಲಿನವನು, ಹೂವಿನವಳು, ವಾಕಿಂಗ್ ಹೋಗುವ ಪರಿಚಯದವರು, ಎಲ್ಲರ ಹತ್ತಿರ ಎರಡೆರಡು ಮಾತು. ಅವರಿಗೆ ಈಗ ಇಲ್ಲದಿರುವುದು ಈ ಮಾತುಕತೆ. ಫ್ಲ್ಯಾಟಿನ ಬಾಗಿಲು ತೆಗೆದರೆ ಕಾಣೋದು ಎದುರುಮನೆಯ ಮುಚ್ಚಿದ ಬಾಗಿಲು. ಅವರ ಕುರ್ಚಿಯನ್ನು ಟಿವಿ ಕಡೆ ತಿರುಗಿಸಿಟ್ಟಿದ್ದರೆ ಇವತ್ತೇ ಬಾಲ್ಕನಿ ಕಡೆ ತಿರುಗಿಸಿ. ರಸ್ತೆ ಕಾಣೋ ಕಿಟಕಿ ಇದ್ದರೆ ಇನ್ನೂ ಒಳ್ಳೆಯದು. ಪೇಪರ್ ಹಿಡಿದುಕೊಂಡು ಕೆಳಗಿನ ಕಲ್ಲುಬೆಂಚಿಗೆ ದಿನಾ ಅದೇ ಹೊತ್ತಿಗೆ ಹೋಗಲಿ. ಹೊತ್ತು ಮುಖ್ಯ. ದಿನಾ ಒಂದೇ ಟೈಮಿಗೆ ಕಾಣಿಸಿಕೊಳ್ಳುವವರನ್ನು ಜನ ಬೇಗ ಮಾತಾಡಿಸುತ್ತಾರೆ. ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆಗೆ ಹೋಗುವ ಅಭ್ಯಾಸ ಇದ್ದರೆ, ಮನೆ ದೂರವಾಯ್ತು ಅಂತ ಅದನ್ನು ಬಿಡಿಸಬೇಡಿ. ಕ್ಷೌರದಂಗಡಿಯೂ ಹಳೆಯದೇ ಇರಲಿ. ತರಕಾರಿ ಕೆಳಗಿನ ಅಂಗಡಿಯಲ್ಲೂ ಸಿಗುತ್ತೆ, ನಿಜ. ಮೂವತ್ತು ವರ್ಷದ ಪರಿಚಯ ಅಲ್ಲಿ ಸಿಗಲ್ಲ.

ಇನ್ನೊಂದು ವಿಷಯ. ಸ್ವಂತ ಮನೆಯಲ್ಲಿ ಗಂಡಸರಿಗೆ ಸಣ್ಣಪುಟ್ಟ ಕೆಲಸ ಸದಾ ಇರುತ್ತಿತ್ತು. ಮೋಟರ್ ಹಾಕೋದು, ಗಿಡಕ್ಕೆ ನೀರು ಬಿಡೋದು, ಗೇಟಿನ ಕೀಲಿಗೆ ಎಣ್ಣೆ ಬಿಡೋದು. ಫ್ಲ್ಯಾಟಿನಲ್ಲಿ ಎಲ್ಲಕ್ಕೂ ಬೇರೆ ಜನ ಇದ್ದಾರೆ. "ಲಾಡ್ಜು" ಅನ್ನೋ ಮಾತಿನಲ್ಲಿ ಅದೂ ಇದೆ ಅಂತ ನನ್ನ ಅಂದಾಜು. ಅಪಾರ್ಟ್‌ಮೆಂಟಿನ ಸಂಘದವರಿಗೆ ಸಂಪಿನ ನೀರು, ಟ್ಯಾಂಕರ್ ಲೆಕ್ಕ, ಗಿಡಗಳ ಉಸ್ತುವಾರಿ ನೋಡಿಕೊಳ್ಳುವವರು ಯಾವಾಗಲೂ ಬೇಕೇ ಇರುತ್ತಾರೆ. ಒಂದು ಮಾತು ಹೇಳಿ ನೋಡಿ.

ಈಗ ಅಳತೆಗೆ ಬರೋಣ. ನಿಮ್ಮ ಫ್ಲ್ಯಾಟ್ 1,200 ಚದರಡಿ ಅಂತ ಹೇಳಿ ಮಾರಿರಬಹುದು. ಮೆಟ್ಟಿಲು, ಲಿಫ್ಟು, ಕಾರಿಡಾರಿನ ಪಾಲು ಎಲ್ಲ ಸೇರಿದ ಲೆಕ್ಕ ಅದು. ಒಳಗೆ ಚಾಪೆ ಹಾಸಬಹುದಾದ ಜಾಗ ಸಾಮಾನ್ಯವಾಗಿ ಕಾಲು ಭಾಗಕ್ಕಿಂತ ಜಾಸ್ತಿಯೇ ಕಡಿಮೆ ಇರುತ್ತೆ, ಹೆಚ್ಚೆಂದರೆ 850ರ ಆಸುಪಾಸು. ಬಿಲ್ಡರ್‌ಗಳ ಮೇಲೆ ನಿಗಾ ಇಡುವ 2016ರ ರೇರಾ ಕಾಯ್ದೆ ಬಂದ ಮೇಲೆ ಈ ಕಾರ್ಪೆಟ್ ಏರಿಯಾವನ್ನು ಬಿಲ್ಡರ್ ಬೇರೆಯಾಗಿ ತೋರಿಸಲೇಬೇಕು. ಅದರಲ್ಲಿ ಹೊರಗೋಡೆಯೂ ಸೇರಲ್ಲ, ಬಾಲ್ಕನಿಯೂ ಸೇರಲ್ಲ. ಕರಾರುಪತ್ರದಲ್ಲಿ ಆ ಅಂಕಿ ಹುಡುಕಿ. ಹಳೆಯ ಮನೆಯ ಲೆಕ್ಕವನ್ನು ಇದರ ಜೊತೆ ಇಟ್ಟು ನೋಡಿದರೆ ಯಾಕೆ ಕಾಲಿಗೆ ತಗಲುತ್ತೆ ಅಂತ ಗೊತ್ತಾಗುತ್ತೆ.

ಆಮೇಲೆ ಒಂದು ಟೇಪು, ಒಂದು ಸೀಮೆಸುಣ್ಣ ತಗೊಳ್ಳಿ. ನಿಮ್ಮ ಬೀರು ಇದೆಯಲ್ಲ, ಮಾಮೂಲಿ ಎರಡು ಬಾಗಿಲಿನ ಉಕ್ಕಿನ ಬೀರು, ಅದರ ಅಗಲ 3 ಅಡಿ, ಆಳ ಒಂದೂವರೆ ಅಡಿಯ ಮೇಲೆ. ನೆಲದ ಮೇಲೆ ಅದು ತಗೊಳ್ಳೋದು ಸುಮಾರು 5 ಚದರಡಿ. ಆದರೆ ಬಾಗಿಲು ಪೂರ್ತಿ ತೆಗೆದು ಮುಂದೆ ನಿಂತು ಸೀರೆ ತೆಗೆಯೋಕೆ ಇನ್ನೂ 6 ಚದರಡಿ ಖಾಲಿ ಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡನ್ನೂ ಸೇರಿಸಿ ಬರೆಯಿರಿ. ಮಂಚಕ್ಕೂ ಹಾಗೇ. 10 ಅಡಿ ಅಗಲದ ರೂಮಿನಲ್ಲಿ 6 ಅಡಿಯ ಮಂಚವನ್ನು ನಡುವೆ ಹಾಕಿದರೆ ಎರಡು ಕಡೆ ಎರಡೆರಡು ಅಡಿ ಉಳಿಯುತ್ತೆ. ಒಂದು ಕಡೆ ಗೋಡೆಯ ಕಪಾಟು ಇದ್ದರೆ ಆ ಎರಡಡಿಯೂ ಹೋಯ್ತು. ಮಂಡಿನೋವಿನವರು ರಾತ್ರಿ ಎದ್ದು ಬಚ್ಚಲಿಗೆ ಹೋಗೋ ದಾರಿ ಕಡೇಪಕ್ಷ ಎರಡೂವರೆ ಅಡಿ ಇರಬೇಕು. ಮುಂದೆ ವಾಕರ್ ಹಿಡಿಯೋ ದಿನ ಬಂದರೆ 3 ಅಡಿ. ಹೀಗೆ ಬರೆದು ನೋಡಿದಾಗ ಆ ಬೀಟೆ ಮರದ ದೊಡ್ಡ ಮಂಚ ಇರಬೇಕೋ ಬೇಡವೋ ಅನ್ನೋ ಜಗಳ ಬೇಗ ಮುಗಿಯುತ್ತೆ. ಗೆರೆ ನೋಡಿದ ಮೇಲೆ ವಾದ ಮಾಡೋರು ಕಡಿಮೆ.

ಇನ್ನೂ ಸಾಗಿಸದೆ ಕೂತಿರುವವರಿಗೆ ಒಂದು ಮಾತು: ಲಿಫ್ಟನ್ನೂ ಅಳೆಯಿರಿ. 8 ಜನರ ಲಿಫ್ಟು ಅಂದರೆ 544 ಕೆ.ಜಿ. ಲೆಕ್ಕ. ಒಳಗಿನ ಜಾಗ ಸಾಮಾನ್ಯವಾಗಿ 1.3 ಮೀಟರ್‌ಗೆ 1.1 ಮೀಟರ್, ಬಾಗಿಲು 80 ಸೆಂಟಿಮೀಟರ್. ಬಿಚ್ಚಲಾಗದ ಮಂಚದ ತಲೆಹಲಗೆ ಅದರಲ್ಲಿ ಹೋಗಲ್ಲ, ಮೆಟ್ಟಿಲಿನ ತಿರುವಿನಲ್ಲೂ ಸಿಕ್ಕಿಕೊಳ್ಳುತ್ತೆ.

ಅಡುಗೆಮನೆಯಲ್ಲಿ ಕಷ್ಟ ಜಾಸ್ತಿ. ಮೂವತ್ತು ವರ್ಷ ಹುರುಳಿ ಡಬ್ಬ ಎಲ್ಲಿದೆ ಅಂತ ಕಣ್ಣು ಮುಚ್ಚಿ ಕೈ ಹಾಕಿದವರಿಗೆ ಈಗ ಸಾಸಿವೆ ಹುಡುಕೋದೇ ಒಂದು ಕೆಲಸ. ಡಬ್ಬಗಳನ್ನು ಗಾತ್ರ ನೋಡಿ ಸಾಲಾಗಿ ಜೋಡಿಸೋಕೆ ಹೋಗಬೇಡಿ, ನೋಡೋಕೆ ಚೆನ್ನಾಗಿರುತ್ತೆ ಅಷ್ಟೇ. ಹಳೆಯ ಅಡುಗೆಮನೆಯಲ್ಲಿ ಒಲೆಯ ಬಲಗಡೆ ಏನಿತ್ತೋ ಇಲ್ಲೂ ಬಲಗಡೆ ಅದೇ ಇರಲಿ. ಒಗ್ಗರಣೆ ಡಬ್ಬ, ಎಣ್ಣೆ, ಉಪ್ಪು, ಹುಣಸೆಹಣ್ಣಿನ ಜಾಡಿ ಕೈಗೆ ಸಿಗುವ ಕಡೆ. ದಿನಾ ಬೇಕಾದ ಎರಡು ಪಾತ್ರೆ, ಒಂದು ಬಾಣಲೆ, ಕುಕ್ಕರ್ ಸೊಂಟದ ಮಟ್ಟದಲ್ಲಿ. ವರ್ಷಕ್ಕೊಮ್ಮೆ ಬೇಕಾಗುವ ಕಡುಬಿನ ಪಾತ್ರೆ, ಚಕ್ಕುಲಿ ಒರಳು ಸಜ್ಜಾದ ಮೇಲೆ. ಆದರೆ ಸಜ್ಜಾದಿಂದ ನೀವೇ ಸ್ಟೂಲ್ ಹತ್ತಿ ತೆಗೆಯೋ ಹಾಗಿದ್ದರೆ ಅಲ್ಲಿ ಇಡಲೇಬೇಡಿ.

ರುಬ್ಬುವ ಕಲ್ಲನ್ನೂ ತಂದಿದ್ದೀರಾ? ಭಾರಕ್ಕೆ ಹೆದರಬೇಕಾಗಿಲ್ಲ, ಮನೆಯ ನೆಲಕ್ಕೆ ಚದರ ಮೀಟರ್‌ಗೆ ಸುಮಾರು 200 ಕೆ.ಜಿ. ತಡೆಯೋ ಲೆಕ್ಕ ಹಾಕಿಯೇ ಕಟ್ಟುತ್ತಾರೆ. ತೊಂದರೆ ಸದ್ದಿನದ್ದು. ಕಲ್ಲಿನ ಗುಡುಗುಡು ಕೆಳಗಿನ ಮನೆಯ ಸೂರಿನಲ್ಲಿ ಚೆನ್ನಾಗಿ ಕೇಳಿಸುತ್ತೆ. ಟೇಬಲ್ ಮೇಲಿಡುವ 2 ಲೀಟರ್ ಗ್ರೈಂಡರ್ ಇಬ್ಬರಿಗೆ ಧಾರಾಳ. ಅದರ ಅಡಿಗೂ ಒಂದು ರಬ್ಬರ್ ಮ್ಯಾಟ್ ಹಾಕಿ, ದೋಸೆಹಿಟ್ಟನ್ನು ಸಂಜೆ ಹೊತ್ತು ರುಬ್ಬಿಕೊಳ್ಳಿ.

ಇನ್ನು ತಾಮ್ರ, ಹಿತ್ತಾಳೆ. ನೀರೊಲೆಯ ಹಂಡೆ, ಕೊಳಗ, ಮದುವೆ ಮನೆಯಿಂದ ಬಂದ ಬೋಗುಣಿಗಳು. ಹಂಡೆಯಲ್ಲಿ ಮನಿ ಪ್ಲಾಂಟ್ ನೆಟ್ಟು ಹಾಲ್‌ನಲ್ಲಿ ನಿಲ್ಲಿಸೋದು ಈಗಿನ ಫ್ಯಾಷನ್. ನನಗೆ ಅದು ಅಷ್ಟಾಗಿ ಸೇರಲ್ಲ, ಹುಣಸೆಹಣ್ಣು ಹಾಕಿ ಉಜ್ಜೋರು ಯಾರು ಅನ್ನೋ ಯೋಚನೆಯೇ ಮೊದಲು ಬರುತ್ತೆ. ಹಳ್ಳಿಯಲ್ಲಿ ಇನ್ನೂ ಸೌದೆ ಉರಿಸುವ ನೆಂಟರಿದ್ದರೆ ಹಂಡೆ ಅವರಿಗೆ ಹೋಗಲಿ. ಪಾತ್ರೆ ಅಂಗಡಿಗೆ ಹಾಕೋದಾದರೆ ತಾಮ್ರ ಬೇರೆ, ಹಿತ್ತಾಳೆ ಬೇರೆ ತೂಗಿಸಿ. ತಾಮ್ರದ ರೇಟು ಯಾವಾಗಲೂ ಜಾಸ್ತಿ, ಎರಡನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿಸಿದರೆ ನಷ್ಟ ನಿಮಗೇ.

ಅಟ್ಟದಿಂದ ಇಳಿಸಿದ ಕಾಗದಪತ್ರದ ಡಬ್ಬವನ್ನು ಮಾತ್ರ ರದ್ದಿಯವನಿಗೆ ನೇರವಾಗಿ ಕೊಡಬೇಡಿ. ಕೂತು ಒಂದೊಂದೇ ಬಿಡಿಸಿ. ಹಳೆಯ ಮೈಸೂರಿನ ಮನೆಗಳಲ್ಲಿ ತಾಳೆಗರಿಯ ಕಟ್ಟುಗಳು ಇವತ್ತಿಗೂ ಸಿಗುತ್ತವೆ. ನಿಮ್ಮ ಊರಿನಲ್ಲೇ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲೇ, 1905ರಲ್ಲಿ. ಅದೂ ಯಾರೋ ಒಬ್ಬರು ತಂದುಕೊಟ್ಟ ಕಟ್ಟೇ. ನಿಮ್ಮ ಡಬ್ಬದಲ್ಲಿ ಅಂಥದ್ದು ಇರುತ್ತೆ ಅಂತ ಹೇಳ್ತಿಲ್ಲ, ಇದ್ದರೆ ಅಲ್ಲಿ ಒಮ್ಮೆ ತೋರಿಸಿ. ಫೋಟೋಗಳನ್ನು ಅಂಟಿನ ಹಾಳೆಯ ಆಲ್ಬಮ್ಮಿನಲ್ಲಿ ಇಟ್ಟಿದ್ದರೆ ಬಿಡಿಸಿ ಸ್ಕ್ಯಾನ್ ಮಾಡಿಸಿ, ಆ ಅಂಟು ವರ್ಷ ಕಳೆದ ಹಾಗೆ ಫೋಟೋವನ್ನೇ ಹಾಳು ಮಾಡುತ್ತೆ. ಮಕ್ಕಳ ಸಾಮಾನಿಗೆ ಒಂದು ಗಡುವು ಕೊಡಿ. ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗನ ಎಸ್ಸೆಸ್ಸೆಲ್ಸಿ ಗೈಡನ್ನು ನೀವು ಕಾಯ್ದುಕೊಂಡು ಕೂರಬೇಕಾಗಿಲ್ಲ. ವಿಡಿಯೋ ಕಾಲ್ ಮಾಡಿ ಒಂದೊಂದೇ ಎತ್ತಿ ತೋರಿಸಿ, "ಬೇಕಾ, ಬೇಡ್ವಾ?" ಅಂತ ಕೇಳಿ. ಅಲ್ಲೇ ತೀರ್ಮಾನ.

ಗಿಡಗಳ ವಿಷಯ ಕೇಳದೇ ಬಿಟ್ಟಿದ್ದೀರಿ, ಆದರೆ ಅದು ಮನಸ್ಸಿನಲ್ಲಿ ಇದ್ದೇ ಇರುತ್ತೆ. ಕರಿಬೇವಿನ ಮರ ತರೋಕಾಗಲ್ಲ, ಅದರ ಬೇರಿನಿಂದ ಎದ್ದ ಮರಿಯನ್ನು ತರಬಹುದು. ಹೊಸ ಮಾಲೀಕರನ್ನು ಕೇಳಿದರೆ ಬೇಡ ಅನ್ನಲಿಕ್ಕಿಲ್ಲ. ಒಂದಡಿಗಿಂತ ಸ್ವಲ್ಪ ದೊಡ್ಡ ಕುಂಡ ಸಾಕು, ತುದಿ ಚಿವುಟುತ್ತಾ ಬಂದರೆ ಬಾಲ್ಕನಿಯಲ್ಲೇ ಪೊದೆಯಾಗುತ್ತೆ. ತುಳಸಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಬಾಲ್ಕನಿ ಪೂರ್ವಕ್ಕೋ ದಕ್ಷಿಣಕ್ಕೋ ಇದ್ದರೆ ಚಿಂತೆಯಿಲ್ಲ. ಉತ್ತರಕ್ಕಿದ್ದರೆ ಸ್ವಲ್ಪ ತಮಾಷೆ. ಮೈಸೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೂ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಮೋಡ ಇಲ್ಲದ ದಿನ ಉತ್ತರದ ಬಾಲ್ಕನಿಗೂ ಬಿಸಿಲು ಬರುತ್ತೆ. ತುಳಸಿ ಚಿಗುರಿದ್ದು ನೋಡಿ ಖುಷಿಪಡುತ್ತೀರಿ, ದೀಪಾವಳಿ ಹೊತ್ತಿಗೆ ಸೊರಗಿರುತ್ತೆ. ಚಳಿಗಾಲಕ್ಕೆ ಕುಂಡವನ್ನು ಬೇರೆ ಕಡೆಯ ಕಿಟಕಿಗೆ ಎತ್ತಿಡಿ, ಅಷ್ಟೇ.

ದೇವರ ಮನೆ ಈಗ ಪ್ಲೈವುಡ್ಡಿನ ಗೂಡು ಆಗಿರಬೇಕು. ಮೇಲೆ ಹಲಗೆ ಇದ್ದರೆ ದೀಪವನ್ನು ಅದರ ಕೆಳಗೆ ಇಡಬೇಡಿ, ಗೂಡಿನ ಮುಂದೆ ತಟ್ಟೆಯಲ್ಲಿ ಇಡಿ. ದಸರಾ ಗೊಂಬೆಗೆ ಒಂಬತ್ತು ಮೆಟ್ಟಿಲಿನ ಹಟ ಬೇಡ. ಮೂರು ಮೆಟ್ಟಿಲಾದರೂ ಅದು ಗೊಂಬೆ ಹಬ್ಬವೇ. ಪಟ್ಟದ ಗೊಂಬೆ ಇಟ್ಟುಕೊಳ್ಳಿ, ಉಳಿದದ್ದರಲ್ಲಿ ಅರ್ಧ ಮಗಳಿಗೋ ಸೊಸೆಗೋ ಈ ವರ್ಷವೇ ಕೊಡಿ. ಸಂಡಿಗೆ ಹಪ್ಪಳಕ್ಕೆ ಅಪಾರ್ಟ್‌ಮೆಂಟಿನ ತಾರಸಿಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಿ. ಹಳೆಯ ಪಂಚೆ ಹಿಡಿದು ಮೇಲೆ ಹೋಗಿ ನೋಡಿ, ಅರಳಿನ ಸಂಡಿಗೆಯ ಹದ ಕೇಳಿಕೊಂಡು ಯಾರಾದರೂ ಬರದೇ ಇರಲ್ಲ.

ವಿಳಾಸದ ಕೆಲಸ ಬೋರು, ಮುಗಿಸಿಬಿಡಿ. ಆಧಾರ್ ವಿಳಾಸವನ್ನು ಮೈ ಆಧಾರ್ ಪೋರ್ಟಲ್‌ನಲ್ಲಿ ಬದಲಿಸಬಹುದು. ಮತದಾರರ ಪಟ್ಟಿಗೆ ನಮೂನೆ 8. ಆಮೇಲೆ ಗ್ಯಾಸು, ಬ್ಯಾಂಕು, ಪಿಂಚಣಿ. ಹಳೆಯ ಬಡಾವಣೆಯ ಅಂಚೆ ಕಚೇರಿಗೂ ಹೊಸ ವಿಳಾಸ ಬರೆದುಕೊಡಿ, ಇಲ್ಲದಿದ್ದರೆ ಮದುವೆ ಕರೆಯೋಲೆಗಳೆಲ್ಲ ಅಲ್ಲಿಗೇ ಹೋಗುತ್ತವೆ.

ಯಾವಾಗ ನಮ್ಮನೆ ಅನ್ನಿಸುತ್ತೆ ಅಂತ ಕೇಳಿದ್ದೀರಿ. ತಾರೀಖು ಹೇಳೋಕಾಗಲ್ಲ. ಆದರೆ ಉಗಾದಿಯೋ ಗೌರಿಯೋ, ಒಂದು ಹಬ್ಬವನ್ನು ಇಲ್ಲಿ ಮಾಡುವವರೆಗೆ ಕಷ್ಟ. ಹಬ್ಬಕ್ಕೆ ಮಗನ ಮನೆಗೆ ಹೋಗೋ ಯೋಚನೆ ಇದ್ದರೆ ಈ ವರ್ಷ ಅವರನ್ನೇ ಇಲ್ಲಿಗೆ ಕರೆಯಿರಿ. ಹಳೆಯ ಮನೆಯ ಮುಂದೆ ಹಾದುಹೋಗಬೇಕೋ ಬೇಡವೋ ಅನ್ನೋದು ನಿಮ್ಮ ನಿಮ್ಮ ಮನಸ್ಸು ನೋಡಿಕೊಂಡು. ಕೊಂಡವರು ಅದನ್ನು ಕೆಡವಿ ಕಟ್ಟೋ ಹಾಗಿದ್ದರೆ ಆ ರಸ್ತೆ ಸದ್ಯಕ್ಕೆ ಬೇಡ ಅನ್ನೋದು ನನ್ನ ಅಭಿಪ್ರಾಯ.

ನೆಂಟರದ್ದೊಂದು ಉಳಿಯಿತು. ಮೈಸೂರಿನವರ ಮನೆಗೆ ಜಂಬೂಸವಾರಿಗೆ ಜನ ಬಂದೇ ಬರುತ್ತಾರೆ. ಅದಕ್ಕಾಗಿ ಎಂಟು ಹಾಸಿಗೆ ಕಟ್ಟಿಟ್ಟು ವರ್ಷವಿಡೀ ಅವುಗಳ ನಡುವೆ ಓಡಾಡಬೇಡಿ. ಮಡಚುವ ಹಾಸಿಗೆ ಎರಡು, ಚಾಪೆ ನಾಲ್ಕು, ಹೊದಿಕೆ ಆರು ಮಂಚದ ಕೆಳಗೆ ಹಿಡಿಸುತ್ತವೆ. ಅದಕ್ಕಿಂತ ಜಾಸ್ತಿ ಜನ ಬರೋದಾದರೆ ಸಂಘದವರ ಹತ್ತಿರ ಅತಿಥಿಗಳ ರೂಮು ಇದೆಯಾ ಅಂತ ಒಂದು ತಿಂಗಳು ಮೊದಲೇ ಕೇಳಿ, ದಸರಾ ಹೊತ್ತಿಗೆ ಎಲ್ಲರ ಮನೆಗೂ ನೆಂಟರು ಬರುತ್ತಾರೆ.