ಡಾಮಿನೊ ಬಿಲ್ಲೆ ಬೀಳುವುದು ಬೆರಳಿನ ಬಲದಿಂದಲ್ಲ

ಸಾಲಾಗಿ ನಿಲ್ಲಿಸಿದ ಡಾಮಿನೊ ಬಿಲ್ಲೆಗಳಲ್ಲಿ ಮೊದಲನೆಯದನ್ನು ತಟ್ಟಿದರೆ ಸಾವಿರ ಬಿಲ್ಲೆಗಳಾಚೆ ಇರುವುದೂ ಬೀಳುತ್ತದೆ. ಬೆರಳಿನ ನೂಕೇ ಅಷ್ಟು ದೂರ ಸಾಗಿತು ಎಂದು ಅನ್ನಿಸುವುದು ಸಹಜ. ಹಾಗೇನಾದರೂ ಇದ್ದಿದ್ದರೆ ಘರ್ಷಣೆಗೆ ಸಿಕ್ಕಿ ಆ ನೂಕು ನಡುದಾರಿಯಲ್ಲೇ ಸೋತುಹೋಗಬೇಕಿತ್ತು. ನಿಜವಾಗಿ ಪ್ರತಿ ಬಿಲ್ಲೆಯೂ ಬೀಳುವುದು ತನ್ನೊಳಗಿನ ಪ್ರಚ್ಛನ್ನ ಶಕ್ತಿಯಿಂದ. ಅದನ್ನು ತುಂಬಿದ್ದು ಬಿಲ್ಲೆಯನ್ನು ಎತ್ತಿ ನಿಲ್ಲಿಸಿದ ಕೈ.

ಲೆಕ್ಕ ಹಾಕಿ ನೋಡೋಣ. ಉರುಳಿಸುವ ಆಟಕ್ಕೆ ಬಳಸುವ ಪ್ಲಾಸ್ಟಿಕ್ ಬಿಲ್ಲೆ 48 ಮಿ.ಮೀ. ಎತ್ತರ, 24 ಮಿ.ಮೀ. ಅಗಲ, 7.5 ಮಿ.ಮೀ. ದಪ್ಪ ಇರುತ್ತದೆ. ಸುಮಾರು 9 ಡಿಗ್ರಿ ವಾಲಿಸಿದರೆ ಸಾಕು, ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ. ಅಷ್ಟು ವಾಲಿಸಲು ಅದರ ಗುರುತ್ವ ಕೇಂದ್ರವನ್ನು 0.3 ಮಿ.ಮೀ.ನಷ್ಟು ಮೇಲೆತ್ತಬೇಕು. ಪೂರ್ತಿ ಮಲಗುವಾಗ ಅದೇ ಕೇಂದ್ರ 20.5 ಮಿ.ಮೀ. ಕೆಳಗಿಳಿಯುತ್ತದೆ. ಅಂದರೆ ಕೊಟ್ಟದ್ದರ 70 ಪಟ್ಟು ಶಕ್ತಿ ಹೊರಬರುತ್ತದೆ. ಸಾಲಿನಲ್ಲಿರುವ ಬಿಲ್ಲೆ ಪಕ್ಕದ್ದರ ಮೇಲೆ ಒರಗಿ ನಿಲ್ಲುವುದರಿಂದ ಅಷ್ಟೂ ಸಿಗುವುದಿಲ್ಲ, ಸದ್ದು ಮತ್ತು ಘರ್ಷಣೆಗೂ ಒಂದು ಪಾಲು ಹೋಗುತ್ತದೆ. ಆದರೂ ಮುಂದಿನದನ್ನು ಕೆಡವಲು ಬೇಕಾದ್ದಕ್ಕಿಂತ ಧಾರಾಳವಾಗಿ ಉಳಿಯುತ್ತದೆ.

ಆಟ ಹಾಳಾಗುವುದು ಹೆಚ್ಚಾಗಿ ಬಿಲ್ಲೆಗಳ ನಡುವಿನ ಅಂತರದಿಂದ. ಎರಡು ಬಿಲ್ಲೆಗಳ ನಡುವೆ 24 ಮಿ.ಮೀ. ಬಿಟ್ಟರೆ ಪೆಟ್ಟು ನೆಲದಿಂದ ಸುಮಾರು 42 ಮಿ.ಮೀ. ಮೇಲೆ, ತುದಿಯ ಹತ್ತಿರ ಬೀಳುತ್ತದೆ. 45 ಮಿ.ಮೀ. ಬಿಟ್ಟರೆ ಪೆಟ್ಟು ಬೀಳುವುದು ಕೇವಲ 17 ಮಿ.ಮೀ. ಎತ್ತರದಲ್ಲಿ, ಗುರುತ್ವ ಕೇಂದ್ರಕ್ಕಿಂತ ಕೆಳಗೆ. ಆಗ ಬಿಲ್ಲೆ ಉರುಳುವ ಬದಲು ನಿಂತಂತೆಯೇ ಜಾರಬಹುದು. ನುಣುಪಾದ ಗ್ರಾನೈಟ್ ನೆಲದ ಮೇಲೆ ಕಡಿಮೆ ಅಂತರದಲ್ಲೂ ಬುಡ ಹಿಂದಕ್ಕೆ ಜಾರುತ್ತದೆ. ಒರಟು ರಟ್ಟು ಹಾಸಿಕೊಂಡರೆ ಈ ತೊಂದರೆ ಬಹಳ ಕಡಿಮೆ. ಚುಕ್ಕೆಗಳ ಸಂಖ್ಯೆ ಹೊಂದಿಸಿ ಆಡುವ ಡಾಮಿನೊ ಸೆಟ್ಟಿನ ಬಿಲ್ಲೆಗಳನ್ನೂ ನಿಲ್ಲಿಸಬಹುದು, ಆದರೆ ಅವುಗಳ ಅಂಚು ದುಂಡಗಿದ್ದರೆ ಅಲುಗಾಡುತ್ತವೆ.

ಅಂದಹಾಗೆ, ಆಡುವ ಸೆಟ್ಟಿನಲ್ಲೂ ಒಂದು ಸೊಗಸಾದ ಸರಪಳಿ ಅಡಗಿದೆ. ಅದರ ಪ್ರತಿ ಬಿಲ್ಲೆಯ ಎರಡು ಅರ್ಧಗಳಲ್ಲಿ ಸೊನ್ನೆಯಿಂದ ಆರರವರೆಗಿನ ಒಂದೊಂದು ಸಂಖ್ಯೆ ಇರುತ್ತದೆ; ಒಟ್ಟು 28 ಬಿಲ್ಲೆಗಳಲ್ಲಿ ಪ್ರತಿ ಸಂಖ್ಯೆಯೂ 8 ಸಲ ಬರುತ್ತದೆ. 8 ಸಮಸಂಖ್ಯೆಯಾದ್ದರಿಂದ, ಒಂದು ಸಂಖ್ಯೆಗೆ ಅದೇ ಸಂಖ್ಯೆ ತಾಗುವಂತೆ ಜೋಡಿಸುತ್ತ ಎಲ್ಲ ಬಿಲ್ಲೆಗಳನ್ನೂ ಒಂದೇ ಸಾಲಿನಲ್ಲಿ ಇಟ್ಟು ಮುಗಿಸಿದರೆ ಎರಡೂ ತುದಿಗಳಲ್ಲಿ ಒಂದೇ ಸಂಖ್ಯೆ ಇರಲೇಬೇಕು.

ದೊಡ್ಡ ಸಾಲು ಕಟ್ಟುವವರಿಗೆ ಬೀಳಿಸುವುದಕ್ಕಿಂತ ಬೀಳದಂತೆ ಕಾಯುವುದೇ ಕಷ್ಟ. ಅದಕ್ಕೇ ಅಲ್ಲಲ್ಲಿ ಕೆಲವು ಬಿಲ್ಲೆಗಳನ್ನು ಬೇಕೆಂದೇ ಬಿಟ್ಟು, ಅವನ್ನು ಕೊನೆಗೆ ಇಡುತ್ತಾರೆ. 2005ರಲ್ಲಿ ನೆದರ್‌ಲೆಂಡ್ಸ್‌ನ ಲೇವಾರ್ಡನ್‌ನಲ್ಲಿ ದಾಖಲೆಗಾಗಿ 40 ಲಕ್ಷಕ್ಕೂ ಹೆಚ್ಚು ಬಿಲ್ಲೆ ಜೋಡಿಸುತ್ತಿದ್ದಾಗ ಸಭಾಂಗಣಕ್ಕೆ ಗುಬ್ಬಿಯೊಂದು ನುಗ್ಗಿತು. ಸುಮಾರು 23,000 ಬಿಲ್ಲೆ ಉರುಳಿದವು. ಬಿಟ್ಟಿದ್ದ ಖಾಲಿ ಜಾಗಗಳಿಂದಾಗಿ ಉಳಿದವು ನಿಂತವು. ಗುಬ್ಬಿಯನ್ನು ಗುಂಡಿಟ್ಟು ಕೊಂದರು, ದೇಶದಲ್ಲಿ ಭಾರಿ ಆಕ್ರೋಶ ಎದ್ದಿತು. ಅದರ ದೇಹ ಈಗ ರಾಟರ್‌ಡ್ಯಾಮ್‌ನ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಮಿಕ್ಕುಳಿಯುವ ಶಕ್ತಿಯನ್ನು ಇನ್ನೊಂದು ರೀತಿಯಲ್ಲೂ ಬಳಸಬಹುದು. ಒಂದು ಬಿಲ್ಲೆ ತನಗಿಂತ ಎಲ್ಲ ಅಳತೆಯಲ್ಲೂ ಒಂದೂವರೆ ಪಟ್ಟು ದೊಡ್ಡದನ್ನು ಕೆಡವಬಲ್ಲದು ಎಂದು 1983ರಲ್ಲಿ ಕೆನಡಾದ ಭೌತವಿಜ್ಞಾನಿ ಲಾರ್ನ್ ವೈಟ್‌ಹೆಡ್ 13 ಬಿಲ್ಲೆಗಳ ಸಾಲಿನಿಂದ ತೋರಿಸಿದರು. 48 ಮಿ.ಮೀ.ನಿಂದ ಶುರು ಮಾಡಿದರೆ ಹತ್ತನೆಯದು 1.85 ಮೀಟರ್ ಎತ್ತರವಾಗುತ್ತದೆ. ಗಟ್ಟಿ ಮರದಲ್ಲಿ ಮಾಡಿದರೆ ತೂಕ ಕೆಲವು ನೂರು ಕಿಲೋ, ಹಾಗಾಗಿ ಮನೆಯಲ್ಲಿ ಆರೇಳಕ್ಕೆ ನಿಲ್ಲಿಸುವುದು ಒಳ್ಳೆಯದು.

ಪರಮಾಣು ಸರಪಳಿ ಕ್ರಿಯೆಯಲ್ಲೂ ತಿರುಳು ಇದೇ: ಯುರೇನಿಯಂ ಪರಮಾಣುವಿನ ಬೀಜದೊಳಗೆ ಶಕ್ತಿ ಮೊದಲೇ ಇದೆ, ಬಂದು ಬಡಿಯುವ ನ್ಯೂಟ್ರಾನ್ ಕಣ ಅದನ್ನು ಬಿಡಿಸುತ್ತದೆ ಅಷ್ಟೆ. ವ್ಯತ್ಯಾಸ ಕವಲಿನಲ್ಲಿದೆ. ನೇರ ಸಾಲಿನಲ್ಲಿ ಒಂದು ಬಿಲ್ಲೆ ಒಂದನ್ನೇ ಕೆಡವುತ್ತದೆ. ಯುರೇನಿಯಂ-235ರ ಒಂದು ವಿದಳನದಿಂದ, ಅಂದರೆ ಬೀಜ ಸೀಳುವುದರಿಂದ, ಸರಾಸರಿ 2.4 ನ್ಯೂಟ್ರಾನ್ ಹೊರಬರುತ್ತವೆ. ಪ್ರತಿ ವಿದಳನವೂ ಇನ್ನೆರಡು ಬೀಜಗಳನ್ನು ಸೀಳಿದರೆ ಇಪ್ಪತ್ತೇ ಹಂತದಲ್ಲಿ ಹತ್ತು ಲಕ್ಷ ದಾಟುತ್ತದೆ. ಬಿಲ್ಲೆಗಳನ್ನು ಹೀಗೆ ಕವಲೊಡೆಸಲು ಹೋದರೆ ಕೆಲವೇ ಹಂತಗಳಲ್ಲಿ ನೆಲದ ಜಾಗ ಮುಗಿಯುತ್ತದೆ, ಒಂದೇ ಬಿಲ್ಲೆಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ.

ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ನಡೆಯುವ ಕೆಲಸವೆಂದರೆ ಈ ಕವಲನ್ನು ಸವರಿ ಮತ್ತೆ ನೇರ ಸಾಲಾಗಿಸುವುದು. ಪ್ರತಿ ವಿದಳನದಿಂದ ಸರಾಸರಿ ಒಂದೇ ನ್ಯೂಟ್ರಾನ್ ಮುಂದಿನ ವಿದಳನ ಮಾಡಬೇಕು. ಉಳಿದವು ಹೀರಲ್ಪಡಬೇಕು ಇಲ್ಲವೇ ಸೋರಿಹೋಗಬೇಕು. ಅಲ್ಲಿನ ಮೊದಲನೇ ಘಟಕ ಹೀಗೆ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿತು, ಆಗ ಅದು ವಿಶ್ವದಾಖಲೆ. ಇಷ್ಟು ನಿಖರ ಹತೋಟಿ ಸಾಧ್ಯವಾಗುವುದು ಶೇಕಡ ಒಂದಕ್ಕೂ ಕಡಿಮೆ ನ್ಯೂಟ್ರಾನ್‌ಗಳು ತಡವಾಗಿ, ಕೆಲವು ಹಲವಾರು ಸೆಕೆಂಡುಗಳ ನಂತರ, ಹೊರಬರುವುದರಿಂದ. ಆ ಬಿಡುವಿನಲ್ಲಿ ಯಂತ್ರಗಳು ಏರಿಳಿತವನ್ನು ಗಮನಿಸಿ ಸರಿಪಡಿಸುತ್ತವೆ.