‘ಟ್ರೈನಿಂಗಿಗೆ ಹಾಕಿದ್ದಾರೆ’: ವಿಜ್ಞಾನ ಮೇಷ್ಟ್ರುಗಳ ಸಭೆಗೊಂದು ಹಿನ್ನೆಲೆ

ಸರ್ಕಾರಿ ಶಾಲೆಯ ವಿಜ್ಞಾನ ಮೇಷ್ಟ್ರನ್ನು ‘ನಾಳೆ ಶಾಲೆಗೆ ಬರ್ತೀರಾ ಸಾರ್?’ ಎಂದು ಕೇಳಿ ನೋಡಿ. ‘ಇಲ್ಲ, ಟ್ರೈನಿಂಗಿಗೆ ಹಾಕಿದ್ದಾರೆ’ ಅನ್ನುತ್ತಾರೆ. ‘ಹೋಗ್ತಿದ್ದೀನಿ’ ಅನ್ನುವವರು ಅಪರೂಪ. ಎಲೆಕ್ಷನ್ ಡ್ಯೂಟಿಗೆ, ಜನಗಣತಿಗೆ ಹಾಕುವ ಹಾಗೆ ಇದಕ್ಕೂ ಹಾಕುತ್ತಾರೆ. ಓಓಡಿ (ಅನ್ಯ ಕರ್ತವ್ಯ) ಪತ್ರ ಬರುತ್ತದೆ, ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಸಹಿ ಬೀಳುತ್ತದೆ, ಮಧ್ಯಾಹ್ನ ಊಟ, ಸಂಜೆ ಹಾಜರಾತಿ ಪ್ರಮಾಣಪತ್ರ. ಮೇಷ್ಟ್ರುಗಳು ತಾವಾಗಿಯೇ ಹೋಗುತ್ತಿದ್ದ ಕೂಟ, ಅವರನ್ನು ‘ಹಾಕುವ’ ಜಾಗವಾದದ್ದು ಯಾವಾಗ?

ಮೊದಮೊದಲು ಇದು ಮೇಷ್ಟ್ರುಗಳೇ ಕಟ್ಟಿಕೊಂಡ ಕೂಟವಾಗಿತ್ತು. ಇಂಗ್ಲೆಂಡಿನ ಈಟನ್ ಶಾಲೆಯ ನಾಲ್ವರು ವಿಜ್ಞಾನ ಮೇಷ್ಟ್ರುಗಳು ತಮ್ಮಂಥವರಿಗೆ ಪತ್ರ ಬರೆದು, 1901ರ ಜನವರಿಯಲ್ಲಿ ಲಂಡನ್ ವಿಶ್ವವಿದ್ಯಾಲಯದಲ್ಲಿ ಸಭೆ ಸೇರಿಸಿದರು. ಲ್ಯಾಟಿನ್, ಗ್ರೀಕ್ ಕಲಿಸುವವರ ಎದುರು ವಿಜ್ಞಾನದವರಿಗೆ ಅಷ್ಟಾಗಿ ಬೆಲೆಯಿಲ್ಲದ ಕಾಲ ಅದು. ಸಿರಿವಂತ ಶಾಲೆಗಳ ಗಂಡಸರದ್ದೇ ಕೂಟ. ಹೆಂಗಸರು ಬೇರೆ ಸಂಘ ಕಟ್ಟಿಕೊಳ್ಳಬೇಕಾಯಿತು. ಎರಡೂ ಒಂದಾದದ್ದು 1963ರಲ್ಲಿ. ಅಮೆರಿಕದ ವಿಜ್ಞಾನ ಶಿಕ್ಷಕರ ರಾಷ್ಟ್ರೀಯ ಸಂಘ ಹುಟ್ಟಿದ್ದು 1944ರಲ್ಲಿ.

ಸರ್ಕಾರದ ದುಡ್ಡು ಈ ವ್ಯವಹಾರಕ್ಕೆ ಧಾರಾಳವಾಗಿ ಹರಿದದ್ದು ಒಂದು ಲೋಹದ ಚೆಂಡಿನಿಂದ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ‘ನಮ್ಮ ಮಕ್ಕಳು ವಿಜ್ಞಾನದಲ್ಲಿ ಹಿಂದೆ ಬಿದ್ದರು’ ಎಂದು ಅಮೆರಿಕ ದಿಗಿಲುಬಿದ್ದು, ಆಗಲೇ ಶುರುವಾಗಿದ್ದ ಮೇಷ್ಟ್ರುಗಳ ಬೇಸಿಗೆ ಶಿಬಿರಗಳಿಗೆ ಹಣ ಸುರಿಯಿತು. ಅದೇ ಮಾದರಿ ಅಮೆರಿಕದ ನೆರವಿನೊಂದಿಗೆ 1963ರ ಬೇಸಿಗೆಯಲ್ಲಿ ಭಾರತಕ್ಕೂ ಬಂತು. ಕಾಲೇಜುಗಳಲ್ಲಿ ವಾರಗಟ್ಟಲೆ ಶಿಬಿರ, ಅಮೆರಿಕದ ತಜ್ಞರು, ಅಲ್ಲಿನ ಹೊಸ ಭೌತಶಾಸ್ತ್ರ, ಜೀವಶಾಸ್ತ್ರದ ಪಠ್ಯಗಳು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು, ಈಗ ನಾವು ಆರ್‌ಐಇ ಎನ್ನುವ ಸಂಸ್ಥೆ, ಶುರುವಾದದ್ದೂ ಅದೇ ವರ್ಷ. ಶಿಬಿರಗಳ ಗುಣಮಟ್ಟ ಕೆಟ್ಟದ್ದೇನೂ ಇರಲಿಲ್ಲ. ತೊಡಕಿದ್ದದ್ದು ಆಮೇಲೆ: ಜೂನ್‌ನಲ್ಲಿ ಮೇಷ್ಟ್ರು ಊರಿಗೆ ಮರಳಿದರೆ ಎದುರಿಗೆ ಅದೇ ಹಳೆಯ ಪಠ್ಯ, ಅದೇ ಪರೀಕ್ಷೆ, ಬೀಗ ಹಾಕಿದ ಅದೇ ಪ್ರಯೋಗಾಲಯದ ಬೀರು.

ದೇಶದ ಶಿಕ್ಷಣವನ್ನು ಪರಿಶೀಲಿಸಿದ ಕೊಠಾರಿ ಆಯೋಗ (1964–66) ಎರಡು ಮಾತು ಹೇಳಿತು. ಒಂದು, ಪ್ರತಿ ಶಿಕ್ಷಕನಿಗೂ ಐದು ವರ್ಷಕ್ಕೊಮ್ಮೆ ಎರಡು–ಮೂರು ತಿಂಗಳ ಸೇವಾನಿರತ ಶಿಕ್ಷಣ ಸಿಗಬೇಕು. ಇನ್ನೊಂದು, ಒಂದು ಹೈಸ್ಕೂಲಿನ ಸುತ್ತಲಿನ ಶಾಲೆಗಳು ಒಂದು ಗುಂಪಾಗಿ, ಅಲ್ಲಿನ ಮೇಷ್ಟ್ರುಗಳು ಆಗಾಗ ಸೇರುತ್ತಿರಬೇಕು. ಎರಡನೆಯದನ್ನು ನಿಜಕ್ಕೂ ಮನಸ್ಸಿಟ್ಟು ಮಾಡಿ ನೋಡಿದ್ದು ನರ್ಮದಾ ತೀರದ ಒಂದು ಜಿಲ್ಲೆ.

ಮಧ್ಯಪ್ರದೇಶದ ಹೋಶಂಗಾಬಾದ್, ಈಗಿನ ನರ್ಮದಾಪುರಂ. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ರಾಜ್ಯ ಸರ್ಕಾರದ ಒಪ್ಪಿಗೆ ಪಡೆದು, 16 ಶಾಲೆಗಳ 6ರಿಂದ 8ನೇ ತರಗತಿಗೆ ವಿಜ್ಞಾನ ಕಲಿಸುವ ರೀತಿಯನ್ನೇ ಬದಲಿಸಲು ಹೊರಟವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜೊತೆಗೂಡಿದರು. 1978ಕ್ಕೆ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಹಬ್ಬಿತು. 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿ ಹೊಣೆ ಹೊತ್ತಿತು.

ಇಲ್ಲಿನ ‘ಬಾಲ ವೈಜ್ಞಾನಿಕ್’ ಪುಸ್ತಕದಲ್ಲಿ ಪ್ರಯೋಗವಿತ್ತು, ಪ್ರಶ್ನೆಯಿತ್ತು, ಸಿದ್ಧ ಉತ್ತರವಿರಲಿಲ್ಲ. ಇಡೀ ವ್ಯವಸ್ಥೆಯ ಕೀಲಿ ಇದೇ ಎಂದು ನನಗನ್ನಿಸುತ್ತದೆ. ಪುಸ್ತಕದಲ್ಲಿ ಉತ್ತರವಿದ್ದರೆ ಮೇಷ್ಟ್ರಿಗೆ ಸಭೆ ಯಾಕೆ ಬೇಕು? ಓದಿ ಹೇಳಿದರಾಯಿತು. ಉತ್ತರ ಇಲ್ಲದ ಪುಸ್ತಕ ಹಿಡಿದು ತರಗತಿಗೆ ಹೋದವರು ತಿಂಗಳೊಳಗೆ ಎಲ್ಲೋ ಸಿಕ್ಕಿಬೀಳಲೇಬೇಕು. ಒಂದು ಬೀಜ ಮೊಳೆಯಲಿಲ್ಲ, ಒಂದು ಗುಂಪಿನ ಅಳತೆ ಇನ್ನೊಂದಕ್ಕೆ ಹೊಂದಲಿಲ್ಲ, ಯಾವನೋ ಹುಡುಗ ಯಾರೂ ನಿರೀಕ್ಷಿಸದ ಪ್ರಶ್ನೆ ಎಸೆದ. ಆಗ ‘ನಿಮ್ಮಲ್ಲಿ ಏನಾಯ್ತು?’ ಎಂದು ಕೇಳಲು ಇನ್ನೊಬ್ಬ ಮೇಷ್ಟ್ರು ಬೇಕು. ಸಂಗಮ ಕೇಂದ್ರವೆಂದು ಗುರುತಿಸಿದ ಶಾಲೆಯಲ್ಲಿ ಪ್ರತಿ ತಿಂಗಳ ಗೋಷ್ಠಿ ನಡೆಯುತ್ತಿದ್ದದ್ದು ಇದಕ್ಕಾಗಿ. ಮುಗಿದ ಪಾಠದ ಫಜೀತಿ, ಮುಂದಿನ ಪಾಠದ ತಯಾರಿ, ಕಿಟ್‌ನಲ್ಲಿ ಒಡೆದ ಪರೀಕ್ಷಾನಳಿಕೆಗಳ ಲೆಕ್ಕ, ಎಲ್ಲವೂ ಅಲ್ಲಿಗೆ ಬರುತ್ತಿದ್ದವು.

ಬೇಸಿಗೆಯಲ್ಲಿ ಮೂರು ವಾರಗಳ ವಸತಿ ಶಿಬಿರವೂ ಇತ್ತು. ಮೇಷ್ಟ್ರುಗಳು ಚಿಕ್ಕ ಚಿಕ್ಕ ಗುಂಪುಗಳಲ್ಲಿ ಕೂತು, ಮಕ್ಕಳು ಮಾಡುವ ಪ್ರಯೋಗಗಳನ್ನೇ ಒಂದೊಂದಾಗಿ ಮಾಡಬೇಕು. ಎದುರಿಗಿದ್ದ ಪ್ರೊಫೆಸರನೂ ‘ನನಗೆ ಗೊತ್ತಿಲ್ಲ, ನೋಡೋಣ’ ಅನ್ನಬಹುದಾಗಿತ್ತು. ಹಳ್ಳಿಯ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಧೈರ್ಯ ಯಾರು ಕೊಡಬಲ್ಲರು? ಮಕ್ಕಳ ಪ್ರಶ್ನೆಗಳಿಗೆ ‘ಸವಾಲಿರಾಮ್’ ಎಂಬ ಕಲ್ಪಿತ ವ್ಯಕ್ತಿಯ ಹೆಸರಿನಲ್ಲಿ ಕಾಗದದಲ್ಲೇ ಉತ್ತರ ಹೋಗುತ್ತಿತ್ತು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು, ಪ್ರಯೋಗಕ್ಕೂ ಅಂಕ. ಟೆಲ್ಕೊ ಕಂಪನಿಯಿಂದ ಒಂದು ವರ್ಷ ರಜೆ ಹಾಕಿ 1978ರಲ್ಲಿ ಇಲ್ಲಿಗೆ ಬಂದ ಎಂಜಿನಿಯರ್ ಅರವಿಂದ ಗುಪ್ತ, ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ಜೋಡಿಸಿ ಜ್ಯಾಮಿತಿಯ ಆಕಾರಗಳನ್ನು ಕಟ್ಟಿದರು. ಮುಂದೆ ಅವರ ಕಸದಿಂದ ರಸದ ಆಟಿಕೆಗಳು ನಮ್ಮ ಶಾಲೆಗಳಿಗೂ ಬಂದವು.

2002ರಲ್ಲಿ ರಾಜ್ಯ ಸರ್ಕಾರ ಇದನ್ನು ಮುಚ್ಚಿತು. ಅಷ್ಟರಲ್ಲಿ ಕಾರ್ಯಕ್ರಮ ಹಲವು ಜಿಲ್ಲೆಗಳಿಗೆ, ಸಾವಿರದಷ್ಟು ಶಾಲೆಗಳಿಗೆ ಮುಟ್ಟಿತ್ತು. ರಾಜ್ಯಕ್ಕೆಲ್ಲ ಒಂದೇ ಪಠ್ಯ ಇರಲಿ ಎಂಬ ವಾದ ಗೆದ್ದಿತು. ಪಠ್ಯ ಹೋದ ಮೇಲೆ ತಿಂಗಳ ಗೋಷ್ಠಿಗೆ ಕೆಲಸವೇನು?

ಕರ್ನಾಟಕದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಪತ್ರಿಕೆಯ ಮೂಲಕ, ಮುಂದೆ ಮಕ್ಕಳ ವಿಜ್ಞಾನ ಸಮಾವೇಶದ ಮಾರ್ಗದರ್ಶಿ ಶಿಕ್ಷಕರ ಮೂಲಕ ಆಸಕ್ತ ಮೇಷ್ಟ್ರುಗಳನ್ನು ಒಂದೆಡೆ ತಂದಿತು. ಅಲ್ಲಿಗೆ ಬರುತ್ತಿದ್ದವರು ‘ಹೋಗುವ’ ಜಾತಿಯವರು. 1984ರಲ್ಲಿ ಶುರುವಾದ ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘದ ವಾರ್ಷಿಕ ಅಧಿವೇಶನಕ್ಕೆ ಸೇರುವವರೂ ಅಂಥವರೇ. ಆದರೆ ಅಲ್ಲಿ ಕಾಲೇಜಿನವರದ್ದೇ ಮೇಲುಗೈ.

ಎಲ್ಲರನ್ನೂ ‘ಹಾಕುವ’ ಏರ್ಪಾಡು ಬಲಿತದ್ದು 1994ರ ನಂತರ, ಡಿಪಿಇಪಿ ಎಂಬ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂದ ಮೇಲೆ. ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಮೊದಲ ಜಿಲ್ಲೆಗಳು. ಬಿಆರ್‌ಸಿಗಳು, ಶಾಲೆಗಳ ಗುಂಪಿಗೊಂದರಂತೆ ಸಿಆರ್‌ಸಿಗಳು (ಕ್ಲಸ್ಟರ್ ಸಂಪನ್ಮೂಲ ಕೇಂದ್ರ) ಎದ್ದವು, ಅವುಗಳನ್ನು ನೋಡಿಕೊಳ್ಳುವ ಸಿಆರ್‌ಪಿಗಳು ಬಂದರು, ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಬಂತು. ಕಾಗದದ ಮೇಲೆ ನೋಡಿದರೆ ಇದು ಕೊಠಾರಿ ಹೇಳಿದ ಶಾಲಾ ಗುಂಪಿನ ಮೊಮ್ಮಗುವೇ. ಆದರೆ ಲಕ್ಷಾಂತರ ಮಂದಿಗೆ ಒಂದೇ ವಿಷಯ ಮುಟ್ಟಿಸಬೇಕಾದಾಗ ಮೆಟ್ಟಿಲು ಕಟ್ಟಲೇಬೇಕಾಯಿತು: ರಾಜ್ಯದಲ್ಲಿ ಎಂಆರ್‌ಪಿ (ಮುಖ್ಯ ತರಬೇತುದಾರ), ಜಿಲ್ಲೆಯಲ್ಲಿ ಆರ್‌ಪಿ (ತರಬೇತುದಾರ), ಕೊನೆಗೆ ತಾಲ್ಲೂಕಿನ ಮೇಷ್ಟ್ರು. ಮೇಲೆ ಕೈಯಾರೆ ಮಾಡಿದ ಪ್ರಯೋಗ ಎರಡನೇ ಮೆಟ್ಟಿಲಲ್ಲಿ ಪ್ರಾತ್ಯಕ್ಷಿಕೆಯಾಗುತ್ತದೆ, ಮೂರನೆಯದರಲ್ಲಿ ಪಿಪಿಟಿ. ಸಮಾಲೋಚನಾ ಸಭೆಯೊಳಗೆ ಬಿಸಿಯೂಟದ ಅಂಕಿ-ಅಂಶ, ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದಾಖಲೆಯ ಜಾಲತಾಣದ ನಮೂದು, ದಾಖಲಾತಿ ಆಂದೋಲನ ಹೊಕ್ಕ ಮೇಲೆ ಬೆಳಕಿನ ವಕ್ರೀಭವನಕ್ಕೆ ಉಳಿಯುವುದು ಚಹಾ ಕುಡಿಯುವ ಹೊತ್ತು.

ಹೀಗಂತ ಸರ್ಕಾರಿ ದುಡ್ಡಿನಲ್ಲಿ ಒಳ್ಳೆಯದು ಆಗುವುದೇ ಇಲ್ಲ ಎಂದಲ್ಲ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ವಸತಿ ತರಬೇತಿಗೆ ಹೋದ ಮೇಷ್ಟ್ರುಗಳಿಗೆ ಪ್ರಯೋಗಾಲಯ ಸಿಗುತ್ತದೆ, ಉಪಕರಣ ಕೈಗೆ ಬರುತ್ತದೆ. ಹಿಂದಿರುಗಿದ ಮೇಲೆ ಅವರನ್ನು ಕೂಡಿಸುವ ತಿಂಗಳ ಗೋಷ್ಠಿಯೊಂದು ಇದ್ದರೆ ಎಂದು ಆಸೆಯಾಗುತ್ತದೆ.

2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 42 ಲಕ್ಷ ಶಿಕ್ಷಕರ ಗುರಿಯಿಟ್ಟು ‘ನಿಷ್ಠಾ’ ಎಂಬ ತರಬೇತಿ ಕಾರ್ಯಕ್ರಮ ಆರಂಭಿಸಿತು. ಕೊರೊನಾ ಬಂದು ಅದು ಸರ್ಕಾರದ ಆನ್‌ಲೈನ್ ಕಲಿಕೆಯ ದೀಕ್ಷಾ ಆ್ಯಪ್‌ಗೆ ಇಳಿಯಿತು. ವಿಡಿಯೊ, ಪ್ರಶ್ನಾವಳಿ, ಪ್ರಮಾಣಪತ್ರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಗಳ ವೃತ್ತಿ ಬೆಳವಣಿಗೆ ಎಂದಿತು. ದಿನಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೆ ಎಂಟು ದಿನ ಚಿಲ್ಲರೆ. ಕೊಠಾರಿ ಕೇಳಿದ್ದನ್ನು ವರ್ಷಕ್ಕೆ ಹಂಚಿದರೆ ಹನ್ನೆರಡರಿಂದ ಹದಿನೆಂಟು ದಿನ ಬರುತ್ತಿತ್ತು. ಆ ಎಂಟು ದಿನಗಳಲ್ಲೂ ಎಷ್ಟು ಹೊತ್ತು ಮೇಷ್ಟ್ರು ಬಾಯಿ ತೆರೆಯಬಹುದು ಎಂಬುದಕ್ಕೆ ಆ್ಯಪ್‌ನಲ್ಲಿ ಕಾಲಂ ಇಲ್ಲ.